ಮೇಲಿನಿಂದ ಹೊಯ್ದ ದ್ರಾಕ್ಷಾರಸ

ಸುವಾರ್ತಮ್ಮನಿಗೆ ಸಿಟ್ಟು ಬಂದರೆ ಕೇರಿಯ ನಾಯಿಗಳೂ ದಾರಿ ಬಿಡುತ್ತವೆ ಎಂದು ಜನ ಹೇಳುವುದುಂಟು. ಅದು ಸುಳ್ಳು. ನಾಯಿಗಳು ಬಿಡುವುದಿಲ್ಲ, ಜನರೇ ಬಿಡುತ್ತಾರೆ. ದೇವಾಪುರದ ಆಚೆ, ಎಡದಂಡೆ ಕಾಲುವೆಯ ಮಗ್ಗುಲಿಗಿರುವ ಆ ಸಣ್ಣ ಊರಿನಲ್ಲಿ ಭತ್ತದ ನಾಟಿಗೆ ಹೆಣ್ಣಾಳು ಬೇಕೆಂದರೆ ಎಂಥ ಗೌಡನೂ ಮೊದಲು ಅವಳ ಅಂಗಳಕ್ಕೇ ಬರಬೇಕು. ಅವಳು ಹೂಂ ಎಂದರೆ ಕೇರಿಯ ಹೆಂಗಸರೆಲ್ಲ ಗದ್ದೆಗಿಳಿಯುತ್ತಾರೆ. ಊಂಹೂಂ ಎಂದರೆ ಗೌಡ ತಾನೇ ಧೋತರ ಎತ್ತಿ ಕಟ್ಟಿ ಇಳಿಯಬೇಕು. ಎಪ್ಪತ್ತು ದಾಟಿದ ಮೇಲೂ ಅವಳ ಮಾತಿನ ಖಾರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಇಂಥ ಹೆಂಗಸು ತಿಂಗಳಿಗೊಮ್ಮೆ ಬೆಣ್ಣೆಯಾಗುತ್ತಿದ್ದಳು. ತಿಂಗಳ ಮೊದಲ ಭಾನುವಾರ ಸುರಪುರದಿಂದ ಪಾಸ್ಟರ್ ಬೈಕಿನ ಮೇಲೆ ಬರುತ್ತಿದ್ದರು. ತಗಡಿನ ಚಾವಣಿಯ ಆ ಚರ್ಚಿನಲ್ಲಿ ಅಂದು ಪ್ರಭುಭೋಜನ. ಕೇರಿಯವರು ಜಮಖಾನೆಯ ಮೇಲೆ ಸಾಲಾಗಿ ಮೊಣಕಾಲೂರುತ್ತಿದ್ದರು. ಪಾಸ್ಟರ್ ರೊಟ್ಟಿಯ ಚೂರು ಕೊಟ್ಟು, ದ್ರಾಕ್ಷಾರಸದ ಪಾತ್ರೆಯಿಂದ ಮೊದಲು ತಾವು ಕುಡಿದು, ಆಮೇಲೆ ಅದೇ ಪಾತ್ರೆಯನ್ನು ಒಬ್ಬೊಬ್ಬರ ಬಾಯಿಗೂ ಹಿಡಿಯುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರಿಗೆ, ಅಂಚನ್ನು ಬಿಳಿ ಅರಿವೆಯಿಂದ ಒರೆಸುತ್ತಾ. ಇಡೀ ಕೇರಿಗೆ ಒಂದೇ ಪಾತ್ರೆ. ಅದು ತುಟಿಗೆ ತಾಗಿದಾಗ ಸುವಾರ್ತಮ್ಮನ ಕಣ್ಣು ತುಂಬುತ್ತಿತ್ತು. ಪ್ರತಿ ತಿಂಗಳೂ ತುಂಬುತ್ತಿತ್ತು, ಅದರಲ್ಲಿ ನಾಟಕ ಇರಲಿಲ್ಲ.

ಆ ಪಾತ್ರೆ ಅವಳಿಗೆ ಯಾಕೆ ಅಷ್ಟು ದೊಡ್ಡದು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಿಜಾಮನ ಕಾಲದಲ್ಲಿ ಊರಿಗೆ ವಾಂತಿಬೇನೆ ಬಂದಿತ್ತು. ಸುವಾರ್ತಮ್ಮನ ಅಜ್ಜಿ ಮರಿಲಿಂಗಮ್ಮ ಗುಡಿಸಲಿನಲ್ಲಿ ಬಿದ್ದಿದ್ದಳು. ಊರ ಬಾವಿಗೆ ಕೇರಿಯವರು ಹಗ್ಗ ಇಳಿಸುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿನಿಂದ ಹೊಯ್ದರೆ ನೀರುಂಟು, ಇಲ್ಲದಿದ್ದರೆ ಇಲ್ಲ. ಬೇನೆಯ ದಿನಗಳಲ್ಲಿ ಹೊಯ್ಯುವವರೂ ಬರಲಿಲ್ಲ. ಆಗ ಮಿಶನ್ನಿನ ನರ್ಸಮ್ಮ ಒಬ್ಬಳು ಎತ್ತಿನ ಗಾಡಿಯಲ್ಲಿ ಬಂದಳು. ಔಷಧದ ನೀರಿನಲ್ಲಿ ವಿಷ ಇದೆಯೆಂದು ಜನ ಬಾಯಿ ಬಿಗಿಹಿಡಿದಿದ್ದರು. ನರ್ಸಮ್ಮ ಗಿಲಾಸಿನಿಂದ ತಾನೊಂದು ಗುಟುಕು ಕುಡಿದಳು. ಅದೇ ಗಿಲಾಸನ್ನು ಮರಿಲಿಂಗಮ್ಮನ ತುಟಿಗೆ ಹಿಡಿದಳು. ಉಳಿದದ್ದನ್ನು ಮತ್ತೆ ತಾನೇ ಕುಡಿದು ತೋರಿಸಿದಳು. ಮರಿಲಿಂಗಮ್ಮ ಬದುಕಿ, ಮಕ್ಕಳು ಮರಿಯೊಂದಿಗೆ ಚರ್ಚಿಗೆ ಸೇರಿದಳು. ಯಾಕೆ ಸೇರಿದೆ ಎಂದು ಕೇಳಿದವರಿಗೆ ಅವಳು ಸಾಯುವ ತನಕ ಒಂದೇ ಉತ್ತರ ಕೊಡುತ್ತಿದ್ದಳು: "ಆಕಿ ಎಂಜಲ ನಾ ಕುಡದೆ, ನನ್ನ ಎಂಜಲ ಆಕಿ ಕುಡದ್ಲು. ಇನ್ನೇನು ಬೇಕವ್ವಾ?"

ಸುವಾರ್ತಮ್ಮನ ಹರೆಯದಲ್ಲೂ ಆ ಮೇಲಿನಿಂದ ಹೊಯ್ಯುವುದು ನಿಂತಿರಲಿಲ್ಲ. ಕಾಲುವೆ ತೋಡುವಾಗ ಅವಳು ಮಣ್ಣು ಹೊತ್ತವಳು. ದಾರಿಯ ಚಹಾದಂಗಡಿಯಲ್ಲಿ ಕೇರಿಯವರ ಗಿಲಾಸುಗಳನ್ನು ಹೊರಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ತಾವೇ ತೊಳೆದುಕೊಂಡು, ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಹಿಡಿಯಬೇಕು. ಅಂಗಡಿಯವನು ಕಟ್ಟೆಯ ಮೇಲೆ ನಿಂತು, ಮೊಳದೆತ್ತರದಿಂದ ಚಹಾ ಬಿಡುತ್ತಿದ್ದ. ಬಿಸಿ ಚಹಾ ಸಿಡಿದು ಬೆರಳು ಸುಡುತ್ತಿತ್ತು. "ಅಲುಗಾಡಬ್ಯಾಡ, ದೂರ ಹಿಡಿ" ಎಂದು ಬೈಗುಳ ಬೇರೆ. ಆ ಕಾಲುವೆಗೆ ನೀರು ಬಂದು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆ ಗೂಡೂ ಒಂದು ದಿನ ಹೋಯಿತು. ಸುವಾರ್ತಮ್ಮನ ಬೆರಳುಗಳು ಮಾತ್ರ ಅದನ್ನು ಮರೆತಿರಲಿಲ್ಲ.

ಹೀಗಿರುವಾಗ ಕೊರೊನಾ ಬಂತು. ಚರ್ಚಿಗೆ ಬೀಗ ಬಿತ್ತು. ಈಸ್ಟರ್ ಹಬ್ಬವೂ ಮನೆಯೊಳಗೇ ಕಳೆಯಿತು. ಮೊದಮೊದಲು ಸುವಾರ್ತಮ್ಮನಿಗೆ ಅದರಲ್ಲೂ ತಮಾಷೆ ಕಂಡಿತು. ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ವೃತ್ತಗಳನ್ನು ಬರೆದು, ಸಂಗಣ್ಣಗೌಡನನ್ನೂ ಒಂದು ವೃತ್ತದೊಳಗೆ ನಿಲ್ಲಿಸಿದ್ದರು. "ಗೌಡ್ರ, ಗೆರಿ ದಾಟಬ್ಯಾಡ್ರಿ ಮತ್ತ!" ಎಂದು ಇವಳು ಆಚೆಯ ವೃತ್ತದಿಂದ ಕೂಗಿದ್ದಳು. ಗೌಡ ಮೂಗುಬಟ್ಟೆಯೊಳಗೇ ಏನೋ ಗೊಣಗಿದ. ಅಂದು ಅವಳು ಮನೆಗೆ ಬಂದು, ಸೊಸೆ ದೇವಕಮ್ಮನ ಮುಂದೆ ಗೌಡ ನಿಂತ ಭಂಗಿಯನ್ನು ಮಾಡಿ ತೋರಿಸಿ, ಕಣ್ಣೀರು ಬರುವಷ್ಟು ನಕ್ಕಿದ್ದಳು.

ಆದರೆ ತಿಂಗಳು ತಿಂಗಳು ಕಳೆದಂತೆ ನಗು ಆರಿತು. ಬೀಗ ಬಿದ್ದ ಬಾಗಿಲ ಮುಂದೆ ಹೋಗಿ ಕುಳಿತು, ಒಳಗೆ ಯಾರೋ ಇದ್ದಾರೆಂಬಂತೆ ಮಾತಾಡಿ ಬರುತ್ತಿದ್ದಳು.

ಮಳೆಗಾಲದ ಕೊನೆಗೆ ಚರ್ಚು ತೆರೆಯಿತು. ಮೊದಲ ಭಾನುವಾರ ಪ್ರಭುಭೋಜನ ಎಂದು ಪಾಸ್ಟರ್ ನೆಲ್ಸನ್ ಸುದ್ದಿ ಕಳಿಸಿದರು. ಜೊತೆಗೆ ಒಂದು ಮಾತು: ಈ ಸಲ ಎಲ್ಲರೂ ತಮ್ಮ ತಮ್ಮ ಮನೆಯಿಂದ ಒಂದೊಂದು ಗಿಲಾಸು ತರಬೇಕು.

ನೆಲ್ಸನ್ ಬೀದರ್ ಕಡೆಯ ಹುಡುಗ. ಬಂದು ಇನ್ನೂ ಎರಡು ವರ್ಷ ಆಗಿರಲಿಲ್ಲ. ಮಿಶನ್ ಹಾಸ್ಟೆಲಿನಲ್ಲಿ ಬೆಳೆದವರು, ಒಳ್ಳೆಯವರು, ಯಾರ ಮನೆಯಲ್ಲಿ ಸಾವಾದರೂ ಬುತ್ತಿ ಹೊತ್ತು ಬರುವವರು. ಊರೂರಿನ ಚಹಾದಂಗಡಿಗಳ ಚರಿತ್ರೆ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅದು ಅವರ ಪುಣ್ಯ.

ಸುವಾರ್ತಮ್ಮ ಗಿಲಾಸು ತಂದಳು. ತರುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ, ಅಷ್ಟು ಹಸಿದಿದ್ದಳು. ಜಮಖಾನೆಯ ಮೇಲೆ ಮೊಣಕಾಲೂರಿ ಗಿಲಾಸು ಮುಂದೆ ಹಿಡಿದಳು. ನೆಲ್ಸನ್ ಕೈಗವಸು ಹಾಕಿಕೊಂಡು, ಮೂಗು ಬಾಯಿ ಮುಚ್ಚಿಕೊಂಡು, ನಿಂತಲ್ಲಿಂದಲೇ, ಜಗ್ಗು ಗಿಲಾಸಿಗೆ ತಾಗದ ಹಾಗೆ ಮೊಳದೆತ್ತರದಿಂದ ದ್ರಾಕ್ಷಾರಸ ಬಿಟ್ಟರು. ಎರಡು ಹನಿ ಸಿಡಿದು ಅವಳ ಬೆರಳಿಗೆ ಬಿದ್ದವು.

"ಅಲುಗಾಡಬ್ಯಾಡ್ರಿ ಅಮ್ಮಾ, ಸ್ವಲ್ಪ ದೂರ ಹಿಡೀರಿ," ಎಂದರು ನೆಲ್ಸನ್, ಬಹಳ ಮೆತ್ತಗೆ.

ಸುವಾರ್ತಮ್ಮ ಗಿಲಾಸನ್ನೇ ನೋಡಿದಳು. ಚೆಲ್ಲಲಿಲ್ಲ, ಅವಳು ಅಂಥವಳಲ್ಲ. ತುಂಬಿದ ಗಿಲಾಸನ್ನು ಜಮಖಾನೆಯ ಮೇಲೆ ಮೆಲ್ಲಗೆ ಇಟ್ಟು, ಎದ್ದು, ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಮರುದಿನ ನೆಲ್ಸನ್ ಅವಳ ಅಂಗಳಕ್ಕೆ ಬಂದು ದೂರದ ಕಲ್ಲಿನ ಮೇಲೆ ಕುಳಿತರು. ಮುದುಕಿಗೆ ರೋಗದ ವಿಷಯ ತಿಳಿದಿಲ್ಲ ಎಂದುಕೊಂಡು ಪಾಪ, ಎಂಜಲಿನಿಂದ ಸೋಂಕು ಹೇಗೆ ಹಬ್ಬುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಅವರು ಎಂಜಲು ಎಂದಷ್ಟೂ ಸಲ ಸುವಾರ್ತಮ್ಮನ ಮುಖ ಬಿಗಿಯುತ್ತಾ ಹೋಯಿತು. ಅವಳು ಬಾಯಿ ತೆರೆಯಲಿಲ್ಲವೆಂದರೆ ಅದು ದೊಡ್ಡ ಅಪಾಯದ ಗುರುತು. ಕೊನೆಗೆ ದೇವಕಮ್ಮನೇ ಬಾಗಿಲಿಗೆ ಬಂದು, ಚಹಾದಂಗಡಿಯ ಗೂಡಿನ ಕಥೆ, ವಾಂತಿಬೇನೆಯ ನರ್ಸಮ್ಮನ ಕಥೆ ಎರಡನ್ನೂ ಹೇಳಿದಳು.

ನೆಲ್ಸನ್ ಮುಖದ ಬಣ್ಣ ಇಳಿಯಿತು.

"ನನಗ ಗೊತ್ತಿರಲಿಲ್ರಿ ಅಮ್ಮಾ. ತಪ್ಪಾತು," ಎಂದರು.

"ಗೊತ್ತಾತಲ್ರಿ ಈಗ. ಮುಂದಿನ ತಿಂಗಳ ಒಂದ ಪಾತ್ರಿ ತರ್ರಿ," ಎಂದಳು ಸುವಾರ್ತಮ್ಮ.

"ಆಗಂಗಿಲ್ರಿ."

"ಯಾಕ ಆಗಂಗಿಲ್ಲ? ಆ ನರ್ಸಮ್ಮ ವಾಂತಿಬೇನ್ಯಾಗ ಕುಡದಾಳ. ನಿಮಗ ಜೀವದ ಮ್ಯಾಲ ಅಷ್ಟ ಆಸಿ ಐತೇನು?"

ಚುಚ್ಚಬೇಕೆಂದೇ ಆಡಿದ ಮಾತು, ಚುಚ್ಚಿತು. ಆದರೂ ನೆಲ್ಸನ್ ಏಳಲಿಲ್ಲ. "ಆ ಅಕ್ಕ ತನ್ನ ಜೀವ ಪಣಕ್ಕಿಟ್ಲು ಅಮ್ಮಾ. ನಾ ಪಾತ್ರಿ ತಂದ್ರ ನಿಮ್ಮೆಲ್ಲರ ಜೀವ ಪಣಕ್ಕಿಟ್ಟಂಗಾಗ್ತದ. ನಾಕು ಊರು ತಿರುಗಾಡಿ ಬರ್ತೀನಿ ನಾನು. ನನ್ನ ಬಾಯಾಗ ಏನೈತಿ ಅಂತ ನನಗೇ ಗೊತ್ತಿಲ್ಲ."

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಎದುರಾದಾಗ ಸುವಾರ್ತಮ್ಮನ ಹಟ ಇನ್ನೂ ಹೆಚ್ಚಾಗುತ್ತಿತ್ತು. "ಹಂಗಾದ್ರ ಬ್ಯಾಡ ಬಿಡ್ರಿ. ಮ್ಯಾಲಿಂದ ಹಾಕಿದ್ದು ಜೀವಮಾನ ಪೂರ್ತಿ ಕುಡದೀನಿ. ಕರ್ತನ ಮನ್ಯಾಗ ಒಲ್ಲೆ. ಹಂಗೇ ಸತ್ತೇನು," ಎಂದು ಒಳಗೆ ಎದ್ದುಹೋದಳು.

ಆಮೇಲೆ ಪ್ರತಿ ತಿಂಗಳೂ ಅದೇ. ಚರ್ಚಿಗೆ ಬರುವಳು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುವಳು, ಮೇಜಿನ ಮೇಲಿನ ಬಟ್ಟೆ ತೆಗೆಯುವ ಹೊತ್ತಿಗೆ ಎದ್ದು ಬೇವಿನಗಿಡದ ಕೆಳಗೆ ನಿಲ್ಲುವಳು. ಒಳಗೆ ಉಳಿದವರು ಗಿಲಾಸು ಹಿಡಿದು ರಸ ಕುಡಿಯುವುದು ಕಿಟಕಿಯಿಂದ ಕಾಣುತ್ತಿತ್ತು. ಅವಳು ಕಿಟಕಿಗೆ ಬೆನ್ನು ಮಾಡಿರುತ್ತಿದ್ದಳು. ಗೆದ್ದೆ ಎಂದು ಒಂದು ದಿನವೂ ಅವಳಿಗೆ ಅನ್ನಿಸಲಿಲ್ಲ. ಮನಸ್ಸು ಮಾತ್ರ ಉಪವಾಸವಿತ್ತು. ನೆಲ್ಸನ್ ಹೊರಡುವಾಗ ಬೇವಿನಗಿಡದ ಹತ್ತಿರ ಬೈಕು ನಿಲ್ಲಿಸಿ "ಬರ್ತೀನ್ರಿ ಅಮ್ಮಾ" ಎನ್ನುವರು. ಅವಳು "ಹೂಂ, ಹುಷಾರ" ಎನ್ನುವಳು. ಅದಕ್ಕಿಂತ ಹೆಚ್ಚು ಮಾತಿಲ್ಲ.

ಮರುವರ್ಷ ಬೇಸಿಗೆಗೆ ಬೇನೆ ಮತ್ತೆ ಬಂತು. ಈ ಸಲ ನಗುವಂಥದ್ದು ಏನೂ ಇರಲಿಲ್ಲ. ಕಾಲುವೆ ಒಣಗಿತ್ತು, ರಸ್ತೆಯಲ್ಲಿ ಆಂಬುಲೆನ್ಸ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಚರ್ಚಿಗೆ ಮತ್ತೆ ಬೀಗ. ಮೇ ತಿಂಗಳ ನಡುವೆ ಸುವಾರ್ತಮ್ಮನಿಗೆ ಜ್ವರ ಹತ್ತಿತು. ಆಶಾ ಕಾರ್ಯಕರ್ತೆ ಚಂದಮ್ಮ ಬೆರಳಿಗೆ ಯಂತ್ರ ಹಚ್ಚಿ ನೋಡಿ, ಮುಖ ಸಣ್ಣದು ಮಾಡಿಕೊಂಡು, ದವಾಖಾನೆಗಳಿಗೆ ಫೋನು ಹಚ್ಚಿದಳು. ಎಲ್ಲೂ ಮಂಚ ಖಾಲಿ ಇರಲಿಲ್ಲ. "ಗುಳಗಿ ತಗೊಂಡು ಬೋರಲು ಮಲಗಲಿ. ಸಣ್ಣ ಹುಡುಗೀನ ಹತ್ರ ಬಿಡಬ್ಯಾಡ," ಎಂದು ದೇವಕಮ್ಮನಿಗೆ ಹೇಳಿ ಹೋದಳು.

ಹಿಂದಿನ ಕೋಣೆಯಲ್ಲಿ ಸುವಾರ್ತಮ್ಮನ ಚಾಪೆ. ಹೊಸ್ತಿಲಿನಾಚೆಯಿಂದ ದೇವಕಮ್ಮ ಗಂಜಿಯ ತಾಟು ಇಟ್ಟು ಸರಿಯುವಳು. ಒಂದು ಮಧ್ಯಾಹ್ನ ದೇವಕಮ್ಮ ನಳದ ನೀರಿಗೆ ಹೋಗಿದ್ದಾಗ ನಾಲ್ಕು ವರ್ಷದ ಮೊಮ್ಮಗಳು ಗ್ರೇಸಿ ಮೆಲ್ಲಗೆ ಒಳಗೆ ಬಂದಳು. ಎಷ್ಟೋ ದಿನದಿಂದ ಅಜ್ಜಿಯ ಮಗ್ಗುಲು ಸಿಗದ ಮಗು. ಸುವಾರ್ತಮ್ಮ ಅರೆನಿದ್ದೆಯಿಂದ ಕಣ್ಣು ಬಿಟ್ಟರೆ, ಗ್ರೇಸಿ ಅವಳು ಕುಡಿದಿಟ್ಟ ಗಿಲಾಸನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಒಯ್ಯುತ್ತಿದ್ದಳು.

"ಮುಟ್ಟಬ್ಯಾಡ! ದೂರ ಸರಿ!"

ಕೂಗಿದ್ದಷ್ಟೇ ಅಲ್ಲ, ಕೈಯಿಂದ ಗಿಲಾಸನ್ನು ಬಡಿದು ಬೀಳಿಸಿದಳು. ಮಗು ಬೆದರಿ ಗೋಡೆಗೆ ಆತುಕೊಂಡಿತು, ಆಮೇಲೆ ಅಳುತ್ತಾ ಹೊರಗೆ ಓಡಿತು.

ಸುವಾರ್ತಮ್ಮ ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿಸಿಕೊಂಡಳು. ಮುಟ್ಟಬೇಡ, ದೂರ ಸರಿ. ಹುಟ್ಟಿದಾಗಿನಿಂದ ಅವಳ ಕಿವಿಗೆ ಬಿದ್ದ ಮಾತು. ಆದರೆ ಅದನ್ನು ಹೇಳುತ್ತಿದ್ದವರ ಕರುಳು ಹೀಗೆ ಹಿಂಡಿರಲಿಲ್ಲ. ಈ ಮುದುಕಿಗೋ, ಮಗುವನ್ನು ಎಳೆದು ಎದೆಗವಚಿಕೊಳ್ಳಬೇಕು ಎನಿಸುತ್ತಿತ್ತು. ಎನಿಸಿದ್ದಕ್ಕೇ ಆ ಮಾತು ಅಷ್ಟು ಜೋರಾಗಿ ಬಂದಿತ್ತು. ಅವಳು ಚಾಪೆಯ ಮೇಲೆ ಬೋರಲು ಬಿದ್ದು ಅತ್ತಳು. ಮೊಮ್ಮಗಳಿಗಾಗಿ ಅತ್ತಳು. ನಡುವೆ ಎಲ್ಲೋ, ಕಲ್ಲಿನ ಮೇಲೆ ಕುಳಿತು ಬೈಸಿಕೊಂಡ ಆ ಬೀದರ್ ಹುಡುಗನ ನೆನಪೂ ಬಂತು. ಜೀವದ ಮೇಲೆ ಅಷ್ಟು ಆಸೆಯೇ ಎಂದು ಅವನನ್ನು ಕೇಳಿದ್ದಳಲ್ಲ.

ಮರುದಿನ ಬೆಳಿಗ್ಗೆ ಏದುಸಿರು ಇನ್ನೂ ಹೆಚ್ಚಾಗಿತ್ತು. ಹೊಸ್ತಿಲಿನಾಚೆ ನಿಂತ ದೇವಕಮ್ಮನಿಗೆ ಅವಳು ನಡುನಡುವೆ ನಿಂತು ನಿಂತು ಹೇಳಿದಳು: "ಪಾಸ್ಟರಿಗೆ ಫೋನ ಹಚ್ಚವ್ವ. ಭೋಜನ ತಗೋತೀನಿ ಅಂತ ಹೇಳು. ತಡಾ ಮಾಡಬ್ಯಾಡ್ರಿ ಅನ್ನು."

ನೆಲ್ಸನ್ ಬಿಸಿಲೇರುವ ಮೊದಲೇ ಬಂದರು. ಮನೆಯ ಹಿಂದಿನಿಂದ ಬಂದು, ಕೋಣೆಯ ಹಿತ್ತಲ ಬಾಗಿಲ ಹೊರಗೆ ನಿಂತು ಚೀಲ ಬಿಚ್ಚಿದರು. ರೊಟ್ಟಿ ತೆಗೆದರು, ಜಗ್ಗು ತೆಗೆದರು. ಆಮೇಲೆ ಬಿಳಿ ಅರಿವೆಯಲ್ಲಿ ಸುತ್ತಿದ್ದ ಚರ್ಚಿನ ಪಾತ್ರೆ ತೆಗೆದು, ಹೊಸ್ತಿಲ ಮೇಲೆ ಇಟ್ಟು, ಮೂಗುಬಟ್ಟೆ ಬಿಚ್ಚತೊಡಗಿದರು.

"ಏನ ಮಾಡಾಕತ್ತೀರಿ?" ಎಂದಳು ಸುವಾರ್ತಮ್ಮ ಒಳಗಿನಿಂದ.

"ಇವತ್ತ ಇಬ್ರೂ ಇದರಾಗೇ ಕುಡಿಯೂಣ ಅಮ್ಮಾ. ಇವತ್ತ ಹೋಗೂದು ನನ್ನ ಒಬ್ಬನ ಜೀವ. ಬೇರೆ ಯಾರದೂ ಅಲ್ಲ." ದಾರಿಯುದ್ದಕ್ಕೂ ಯೋಚಿಸಿ ನಿರ್ಧಾರ ಮಾಡಿ ಬಂದವರ ಮುಖವದು.

ಸುವಾರ್ತಮ್ಮ ಮೊಣಕೈ ಊರಿ ಎದ್ದು ಕುಳಿತಳು. ಕುಳಿತ ರಭಸಕ್ಕೆ ಕೆಮ್ಮು ಹತ್ತಿತು. "ಬಟ್ಟಿ ಹಾಕ್ಕೊಳ್ರಿ ಮೂಗಿಗೆ! ಒಬ್ಬನ ಜೀವ ಅಂತ. ನಿಮ್ಮ ಮನ್ಯಾಗ ಹೆಂಡ್ತಿ ತುಂಬು ಬಸುರಿ ಇದ್ದಾಳ, ಆಕಿದು ಯಾರ ಜೀವ? ಹುಚ್ಚು ಹಿಡದೈತೇನು ನಿಮಗ?"

ನೆಲ್ಸನ್ ಬೈಸಿಕೊಂಡ ಹುಡುಗನಂತೆ ಬಟ್ಟೆ ಮತ್ತೆ ಕಟ್ಟಿಕೊಂಡರು.

"ಪಾತ್ರಿ ಚೀಲದಾಗ ಇಡ್ರಿ. ದೇವಕೀ, ನನ್ನ ಗಿಲಾಸ ತೊಳದು ಕೊಡವ್ವ. ಅವರಿಗೂ ಒಂದು ಕೊಡು, ಬ್ಯಾರೆ."

ದೇವಕಮ್ಮ ತಂದಿಟ್ಟಳು. ಸುವಾರ್ತಮ್ಮ ತನ್ನ ಗಿಲಾಸನ್ನು ಹೊಸ್ತಿಲ ತನಕ ಸರಿಸಿಕೊಂಡು ಬಂದು, ಅಲ್ಲೇ ಗೋಡೆಗೆ ಒರಗಿ ಮುಂದೆ ಹಿಡಿದಳು. ನೆಲ್ಸನ್ ಪ್ರಾರ್ಥನೆ ಮಾಡಿ, ರೊಟ್ಟಿಯ ಚೂರನ್ನು ಎಲೆಯ ಮೇಲಿಟ್ಟು ಸರಿಸಿದರು. ಜಗ್ಗು ಎತ್ತಿದರು. ಎತ್ತಿ ನಿಂತವರಿಗೆ ಮುಂದೆ ಕೈ ಬರಲಿಲ್ಲ. ಆ ಮೊಳದೆತ್ತರ ಈಗ ಅವರಿಗೂ ಕಾಣುತ್ತಿತ್ತು.

"ಕುಂತು ಹಾಕ್ರಿ ಪಾಸ್ಟರೇ," ಎಂದಳು ಸುವಾರ್ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ದೂರ ಇರ್ರಿ, ಬ್ಯಾಡನ್ನಂಗಿಲ್ಲ. ಮುಟ್ಟಬ್ಯಾಡ್ರಿ. ನಾನೂ ನಿನ್ನೆ ನನ್ನ ಮೊಮ್ಮಗಳಿಗೆ ದೂರ ಸರಿ ಅಂದೀನಿ. ಆದ್ರ ನಿಂತು ಹಾಕಬ್ಯಾಡ್ರಿ. ಕುಂತು ಹಾಕ್ರಿ."

ನೆಲ್ಸನ್ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಹಿತ್ತಲ ಮಣ್ಣಿನ ಮೇಲೆ ಕುಳಿತರು. ಜಗ್ಗು ಗಿಲಾಸಿನ ಮಟ್ಟಕ್ಕೆ ಬಂತು. ಅಂಚಿಗೆ ಅಂಚು ತಾಗಲಿಲ್ಲ, ಆದರೆ ರಸ ಸದ್ದಿಲ್ಲದೆ ಇಳಿಯಿತು. ಒಂದು ಹನಿಯೂ ಸಿಡಿಯಲಿಲ್ಲ. ಅವರು ತಮ್ಮ ಗಿಲಾಸಿಗೂ ಹಾಕಿಕೊಂಡರು. ಹೊಸ್ತಿಲಿನ ಈಚೆ ಒಬ್ಬಳು, ಆಚೆ ಒಬ್ಬರು, ಇಬ್ಬರೂ ಒಂದೇ ಸಲ ಕುಡಿದರು. ಕುಡಿದಾದ ಮೇಲೆ ಸುವಾರ್ತಮ್ಮ "ಸ್ತೋತ್ರ ತಂದೇ" ಎಂದಳು. ಅಷ್ಟು ತಿಂಗಳ ಹಸಿವು ಆ ಒಂದು ಗುಟುಕಿಗೆ ಇಳಿದಿತ್ತು. ಇನ್ನು ಸತ್ತರೂ ಸರಿ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು.

ಆದರೆ ಸಾಯಲಿಲ್ಲ. ಜ್ವರ ಇಳಿಯಿತು, ಉಸಿರು ಮೆಲ್ಲಗೆ ತನ್ನ ದಾರಿಗೆ ಬಂತು. ಯಾವ ಗುಳಿಗೆಯಿಂದ ಎಂದು ಚಂದಮ್ಮ ಹೇಳಬಲ್ಲಳು. ಯಾರ ಕೃಪೆಯಿಂದ ಎಂಬುದು ಸುವಾರ್ತಮ್ಮನಿಗೆ ಗೊತ್ತಿತ್ತು. ಎರಡಕ್ಕೂ ಜಗಳವಿಲ್ಲ ಎಂದು ಅವಳೇ ತೀರ್ಪು ಕೊಟ್ಟು, ಚಂದಮ್ಮನ ಮನೆಗೆ ಒಂದು ಕೋಳಿ ಕಳಿಸಿದಳು. ಚಾಪೆ ಬಿಟ್ಟೆದ್ದ ಮೊದಲ ದಿನ ಗ್ರೇಸಿಯನ್ನು ತೊಡೆಯಿಂದ ಇಳಿಸಲೇ ಇಲ್ಲ. ಅತ್ತ ಸುರಪುರದಲ್ಲಿ ಪಾಸ್ಟರ ಮನೆಯಲ್ಲಿ ಗಂಡುಮಗು ಹುಟ್ಟಿ, ತಾಯಿ ಮಗು ಸುಖವಾಗಿದ್ದರು.

ಕಾಲುವೆಗೆ ನೀರು ಬಿಟ್ಟು, ನಾಟಿ ಶುರುವಾದ ಮೇಲೆ ಚರ್ಚು ಮತ್ತೆ ತೆರೆಯಿತು. ಮೊದಲ ಭಾನುವಾರ ಸುವಾರ್ತಮ್ಮ ಸೊಸೆಯ ಹೆಗಲು ಹಿಡಿದು ಬಂದು, ಜಮಖಾನೆಯ ತೀರ ಕೊನೆಯಲ್ಲಿ ಕುಳಿತಳು. ಕೇರಿಯಲ್ಲಿ ಈ ನಡುವೆ ತೀರಿಕೊಂಡವರ ಹೆಸರುಗಳನ್ನು ನೆಲ್ಸನ್ ಓದಿದರು. ಎಲ್ಲರೂ ಅತ್ತರು. ಆಮೇಲೆ ಎಲ್ಲರೂ ತಂತಮ್ಮ ಗಿಲಾಸು ತೆಗೆದರು.

ನೆಲ್ಸನ್ ಜಗ್ಗು ಹಿಡಿದು ಮೊದಲನೆಯವರ ಮುಂದೆ ಬಂದು, ನೆಲದ ಮೇಲೆ ಕುಳಿತರು. ಜನ ಏನಾಯಿತೋ ಎಂದು ಮುಖ ಮುಖ ನೋಡಿಕೊಂಡರು. ಅವರು ಹಾಕಿ, ಕುಳಿತಲ್ಲೇ ಪಕ್ಕಕ್ಕೆ ಸರಿದು ಎರಡನೆಯವರಿಗೆ ಹಾಕಿದರು. ಹಾಗೇ ಕೆಳಗೇ ಸರಿಯುತ್ತಾ, ಇಡೀ ಸಾಲಿಗೆ, ಹಿಂದಿನ ಸಾಲಿಗೆ, ಮಕ್ಕಳಂತೆ ನೆಲಕ್ಕೆ ಅಂಟಿಕೊಂಡೇ ಹೋದರು. ಯಾಕೆಂದು ಅವರು ಹೇಳಲಿಲ್ಲ. ಆದರೆ ಹಿರಿಯ ಹೆಂಗಸರಿಗೆ ಒಬ್ಬೊಬ್ಬರಿಗಾಗಿ ತಿಳಿಯತೊಡಗಿತು. ಬೆರಳು ಸುಟ್ಟುಕೊಂಡವಳು ಸುವಾರ್ತಮ್ಮ ಒಬ್ಬಳೇ ಆಗಿರಲಿಲ್ಲವಲ್ಲ. ಮೊದಲಿನಂತೆ ತಮಗೆ ಸಿಕ್ಕ ಕೂಡಲೇ ಯಾರೂ ಕುಡಿಯಲಿಲ್ಲ. ತುಂಬಿದ ಗಿಲಾಸು ಹಿಡಿದು, ಕೊನೆಯವಳ ತನಕ ಕಾದರು.

ಕೊನೆಯವಳು ಸುವಾರ್ತಮ್ಮ. ಅವಳ ಗಿಲಾಸು ತುಂಬಿತು, ಪಾಸ್ಟರ್ ತಮ್ಮದನ್ನೂ ತುಂಬಿಕೊಂಡರು, ಇಡೀ ಚರ್ಚು ಒಂದೇ ಸಲ ಕುಡಿಯಿತು. ಪಾತ್ರೆ ಒಂದೇ ಇದ್ದಾಗ ಒಬ್ಬರಾದ ಮೇಲೆ ಒಬ್ಬರು ಕುಡಿಯುತ್ತಿದ್ದರು, ಮೊದಲಿನವರು ಇದ್ದರು, ಕೊನೆಯವರು ಇದ್ದರು. ಹೀಗೆ ಎಲ್ಲರ ಗಂಟಲೂ ಒಟ್ಟಿಗೆ ಸದ್ದು ಮಾಡಿದ್ದನ್ನು ಆ ತಗಡಿನ ಚಾವಣಿ ಹಿಂದೆಂದೂ ಕೇಳಿರಲಿಲ್ಲ. ಸುವಾರ್ತಮ್ಮನ ಕಣ್ಣು ತುಂಬಿತು.

ನೆಲ್ಸನ್ ಏಳಲು ಹೋದರು. ಆಗಲಿಲ್ಲ. ಅಷ್ಟು ಹೊತ್ತು ಕುಳಿತಲ್ಲೇ ಸರಿದು ಸರಿದು ಮೊಣಕಾಲು ಹಿಡಿದುಕೊಂಡಿದ್ದವು. ಒಂದು ಕೈಯಲ್ಲಿ ಜಗ್ಗು, ಒಂದು ಕೈಯಲ್ಲಿ ಗಿಲಾಸು, ಮತ್ತೊಮ್ಮೆ ಪ್ರಯತ್ನಿಸಿ ಮತ್ತೆ ಕುಳಿತುಬಿಟ್ಟರು. ಯಾರೋ ಕಿಸಕ್ಕೆಂದು ನಕ್ಕರು. ಸಹಾಯಕ್ಕೆ ಮಾತ್ರ ಯಾರೂ ಕೈ ಚಾಚಲಿಲ್ಲ, ಅಷ್ಟು ತಿಂಗಳಿನಿಂದ ಯಾರೂ ಯಾರ ಕೈಯನ್ನೂ ಹಿಡಿದಿರಲಿಲ್ಲ.

ಸುವಾರ್ತಮ್ಮ ಸೊಸೆಯ ಹೆಗಲೂರಿ ತಾನು ಎದ್ದಳು. ಜ್ವರದಲ್ಲಿ ಸೊರಗಿ ಎಲುಬಾಗಿದ್ದ ಬಲಗೈಯನ್ನು ಮುಂದೆ ಚಾಚಿದಳು. ನೆಲ್ಸನ್ ಆ ಕೈಯನ್ನು ನೋಡಿದರು. ಜಗ್ಗು, ಗಿಲಾಸು ಕೆಳಗಿಟ್ಟು, ಕೈಗವಸು ಕಳಚಿ, ಆ ಕೈ ಹಿಡಿದು ಎದ್ದು ನಿಂತರು.

"ಆಮ್ಯಾಲ ಸಾಬೂನ ಹಚ್ಚಿ ತೊಳಕೊಳ್ರಿ ಮತ್ತ. ಮನ್ಯಾಗ ಹಸುಗೂಸು ಐತಿ," ಎಂದಳು ಸುವಾರ್ತಮ್ಮ.

"ಹೂಂನ್ರಿ ಅಮ್ಮಾ," ಎಂದರು ನೆಲ್ಸನ್. ಹಿಡಿದ ಕೈ ಬಿಡಲು ಮಾತ್ರ ಇಬ್ಬರೂ ಸ್ವಲ್ಪ ಹೊತ್ತು ತೆಗೆದುಕೊಂಡರು.